ವಾರಕ್ಕೆ ಮೂರು ದಿನ

ಅಂಗಿಯ ಎಡತೋಳು ಮೊಣಕೈ ದಾಟಿ ಮೇಲೇರಲು ಒಪ್ಪುತ್ತಲೇ ಇರಲಿಲ್ಲ. ಹೆಂಡತಿ ಎರಡು ಸಲ ಎಳೆದು ನೋಡಿದಳು. ಮೂರನೇ ಸಲಕ್ಕೆ ಕೈಚೆಲ್ಲಿ, "ರೀ, ಸ್ವಲ್ಪ ಬನ್ನಿ ಇಲ್ಲಿ," ಎಂದು ಗಂಡನನ್ನು ಕರೆದಳು.

ಬಾಗಿಲ ಹೊರಗೆ ಬೆನ್ನು ತಿರುಗಿಸಿ ನಿಂತಿದ್ದವನು ಒಳಗೆ ಬಂದ. ಅಕ್ಕ ಮಂಚದ ಮೇಲೆ ಮಲಗಿದ್ದಳು. ಮುಖ ಒರೆಸಿ, ತಲೆ ಬಾಚಿ ಆಗಿತ್ತು. ಎಡಗೈಯಲ್ಲಿ ಮಣಿಕಟ್ಟಿನಿಂದ ತೋಳಿನವರೆಗೂ ರಕ್ತನಾಳ ಗಂಟುಹಾಕಿದ ಹಗ್ಗದಂತೆ ಉಬ್ಬಿ ನಿಂತಿತ್ತು. ಹದಿನಾಲ್ಕು ವರ್ಷ, ವಾರಕ್ಕೆ ಮೂರು ದಿನ, ಡಯಾಲಿಸಿಸ್ ಯಂತ್ರದ ಎರಡೆರಡು ದಪ್ಪ ಸೂಜಿಗಳನ್ನು ಚುಚ್ಚಿಸಿಕೊಂಡ ಕೈ ಅದು. ಅವಳು ಬದುಕಿದ್ದಾಗ ಆ ಉಬ್ಬಿನ ಮೇಲೆ ಬೆರಳಿಟ್ಟರೆ ಒಳಗೆ ಗುಂಯ್ ಎನ್ನುತ್ತಿತ್ತು. ಮೋಟಾರುಗಳಿಗೆ ತಂತಿ ಸುತ್ತಿ ರಿಪೇರಿ ಮಾಡುವ ಅವನಿಗೆ, ಹದವಾಗಿ ತಿರುಗುವ ಮೋಟಾರಿನ ಮೇಲೆ ಅಂಗೈ ಇಟ್ಟ ಹಾಗೆಯೇ ಅನಿಸುತ್ತಿತ್ತು. ಈಗ ಬೆರಳಿಟ್ಟು ನೋಡಿದ. ಏನೂ ಇರಲಿಲ್ಲ.

"ಹೊಲಿಗೆ ಬಿಚ್ಚಲಾ?" ಎಂದಳು ಹೆಂಡತಿ.

"ತೋಳನ್ನೇ ಕತ್ತರಿಸಿಬಿಡು. ಅವಳ ಅಂಗಿಗಳೆಲ್ಲ ಎಡಗಡೆ ತುಂಡುತೋಳೇ ಅಲ್ವಾ?"

"ಇವತ್ತೊಂದು ದಿನ ಆದ್ರೂ ಅತ್ತಿಗೆ ಕೈ ಮುಚ್ಚಿ ಕಳಿಸೋಣ ಅಂತ. ನೋಡೋರಿಗೆ ಒಂಥರಾ ಆಗಲ್ವಾ?"

"ಅವಳು ಯಾವತ್ತು ಮುಚ್ಚಿಕೊಂಡಿದ್ಲು ಹೇಳು."

ಹೆಂಡತಿ ಕತ್ತರಿ ತೆಗೆದುಕೊಂಡಳು.

ಅಕ್ಕನ ಕೋಣೆ ಅವನ ವರ್ಕ್‌ಶಾಪಿನ ಮೇಲೆಯೇ ಇತ್ತು. ಮದುವೆಯಾಗದ ಅಕ್ಕ. ಬಸ್‌ ನಿಲ್ದಾಣದ ಎರಡನೇ ಕೌಂಟರಿನಲ್ಲಿ ಟಿಕೆಟ್ ಕೊಡುತ್ತಿದ್ದವಳು. ಕಾಯಿಲೆ ಬಿದ್ದ ಮೇಲೂ ಡಯಾಲಿಸಿಸ್ ಇಲ್ಲದ ದಿನಗಳಲ್ಲಿ ಹೋಗಿ ಕೂರುತ್ತಿದ್ದಳು. ಮೊನ್ನೆ ಬುಧವಾರ ಆಸ್ಪತ್ರೆಯ ಕುರ್ಚಿಯಲ್ಲಿ ನಾಲ್ಕು ಗಂಟೆಯ ಡಯಾಲಿಸಿಸ್ ಮುಗಿಯಲು ಇನ್ನೇನು ಇಪ್ಪತ್ತು ನಿಮಿಷ ಇದೆ ಎನ್ನುವಾಗ ಕಣ್ಣು ಮುಚ್ಚಿದವಳು ಮತ್ತೆ ತೆರೆಯಲಿಲ್ಲ. ಹೃದಯ ಸೋತಿತು ಎಂದರು ಡಾಕ್ಟರು. ಅವನು ಹೊರಗೆ ಕಾರಿಡಾರಿನ ಬೆಂಚಿನ ಮೇಲೆ, ಅವಳ ಚಪ್ಪಲಿಗಳನ್ನು ಕಾಲಬುಡದಲ್ಲಿ ಇಟ್ಟುಕೊಂಡು ಕಾಯುತ್ತಿದ್ದ.

ಕೆಳಗೆ ವರ್ಕ್‌ಶಾಪಿನಲ್ಲಿ ನೆಂಟರು ಸೇರಿದ್ದರು. ಮೋಟಾರುಗಳನ್ನೆಲ್ಲ ಗೋಡೆಗೆ ಸರಿಸಿ ಅವನ ಮಗ ಕುರ್ಚಿ ಹಾಕಿದ್ದ. ವಾರ್ನಿಶ್ ವಾಸನೆಗೆ ಚಿಕ್ಕಮ್ಮ ಸೆರಗು ಮೂಗಿಗೆ ಹಿಡಿದುಕೊಂಡೇ ಕೂತಿದ್ದಳು. ಅವನು ಮೆಟ್ಟಿಲಿಳಿದು ಬಂದದ್ದೇ ತಡ, ಎದ್ದು ಬಂದು ಕೈ ಹಿಡಿದುಕೊಂಡಳು.

"ನಿನ್ನಂಥ ತಮ್ಮ ಯಾರಿಗೆ ಸಿಗ್ತಾನಪ್ಪಾ! ಹದಿನಾಲ್ಕು ವರ್ಷ ಸ್ಕೂಟರಲ್ಲಿ ಕೂರಿಸ್ಕೊಂಡು ಹೋಗಿ ಬಂದೆ. ಒಂದು ದಿನ ತಪ್ಪಿಸಿದ್ಯಾ? ಆ ಹಾಳು ಕಿಡ್ನಿ ಒಂದು ಮ್ಯಾಚ್ ಆಗಿದ್ರೆ ಅದನ್ನೂ ಕೊಟ್ಟುಬಿಡ್ತಿದ್ದೆ. ನಿನ್ನ ಕೈಲಿ ಏನಿತ್ತು, ಪಾಪ!"

ಸುತ್ತಲಿದ್ದವರು ಹೌದೌದು ಎಂದು ತಲೆ ಆಡಿಸಿದರು. ಅವನು ಕೈ ಬಿಡಿಸಿಕೊಂಡ.

ಅಷ್ಟರಲ್ಲಿ ಪಾಸ್ಟರ್ ಬಂದರು. ಅವನನ್ನು ಪಕ್ಕಕ್ಕೆ ಕರೆದು, "ಆರಾಧನೆಯಲ್ಲಿ ಮನೆಯವರ ಪರವಾಗಿ ನೀವೇ ಎರಡು ಮಾತಾಡಬೇಕು. ಜಾಸ್ತಿ ಬೇಡ, ಮನಸ್ಸಿಗೆ ಬಂದಿದ್ದು ಹೇಳಿ ಸಾಕು," ಎಂದರು.

"ಬೇಡ ಪಾಸ್ಟರ್. ನಂಗೆ ಮಾತು ಬರಲ್ಲ."

"ನಿಮ್ಮನ್ನ ಬಿಟ್ಟು ಅವರ ಬಗ್ಗೆ ಮಾತಾಡೋಕೆ ಹಕ್ಕಿರೋರು ಇನ್ಯಾರಿದ್ದಾರೆ?"

ಅವನು ಗೋಡೆಗೆ ಸರಿಸಿದ್ದ ಮೋಟಾರೊಂದನ್ನು ಕಾಲಿನಿಂದ ಇನ್ನಷ್ಟು ಒಳಗೆ ತಳ್ಳಿದ.

*

ಕಿಡ್ನಿ ಹೊಂದಿಕೆಯಾಗಿತ್ತು. ಅದೂ ಹೇಗೆ, ರಿಪೋರ್ಟು ನೋಡಿದ ಡಾಕ್ಟರು "ಇಷ್ಟು ಚೆನ್ನಾಗಿ ಹೊಂದೋದು ಅಪರೂಪ" ಎಂದು ಮೇಜು ತಟ್ಟಿದ್ದರು. ಅವನೇ ಮುಂದೆ ಬಂದು, ನಾನು ಕೊಡುತ್ತೇನೆ ಎಂದಿದ್ದ. ಅವನಿಗಾಗ ಮೂವತ್ತನಾಲ್ಕು, ಅಕ್ಕನಿಗೆ ಮೂವತ್ತೆಂಟು. ಹೆಂಡತಿ ಐದು ತಿಂಗಳ ಬಸುರಿ. ಏನೂ ಆಗುವುದಿಲ್ಲ ಎಂದು ಡಾಕ್ಟರು ಹೇಳಿದರು. ಏನೂ ಆಗುವುದಿಲ್ಲ ಎಂದು ನರ್ಸು ಹೇಳಿದಳು, ಅಕ್ಕಪಕ್ಕದವರು ಹೇಳಿದರು, ರಕ್ತ ತೆಗೆಯುವವನೂ ಹೇಳಿದ. ಇಷ್ಟು ಜನ ಇಷ್ಟು ಸಲ ಹೇಳಬೇಕಾದರೆ ಏನೋ ಆಗುವುದಿದೆ ಎಂದೇ ಅವನಿಗೆ ಅನ್ನಿಸಿತು.

ಆಪರೇಶನ್ನಿಗೆ ಆಸ್ಪತ್ರೆ ಸೇರಬೇಕಾದ ದಿನ ಬೆಳಿಗ್ಗೆ ಒಂದು ಚೀಲಕ್ಕೆ ಟವೆಲ್ಲು, ಸೋಪು ತುಂಬಿಕೊಂಡು ಮನೆಯಿಂದ ಹೊರಟ. ಆಸ್ಪತ್ರೆಯ ಗೇಟಿನವರೆಗೂ ಹೋದ. ಗೇಟಿನ ಎದುರು ಸ್ವಲ್ಪ ಹೊತ್ತು ನಿಂತಿದ್ದವನು ಬಸ್‌ ನಿಲ್ದಾಣದ ಕಡೆ ತಿರುಗಿದ. ಎರಡನೇ ಕೌಂಟರಿನವರಿಗೆ ಅವನ ಗುರುತಿತ್ತು. ಅದಕ್ಕೇ ಏಳನೆಯದಕ್ಕೆ ಹೋದ. "ಎಲ್ಲಿಗೆ?" ಎಂದರು ಒಳಗಿದ್ದವರು. ಅವನಿಗೆ ಯಾವ ಊರಿನ ಹೆಸರೂ ಬಾಯಿಗೆ ಬರಲಿಲ್ಲ. "ಕೊನೇ ಸ್ಟಾಪು," ಎಂದ.

ಆ ಕೊನೇ ಸ್ಟಾಪಿನ ಲಾಡ್ಜಿನಲ್ಲಿ ಮೂರು ದಿನ ಕೂತಿದ್ದ. ಸೀಲಿಂಗ್ ಫ್ಯಾನು ಕರಕರ ಎನ್ನುತ್ತಿತ್ತು. ಬೇರಿಂಗ್ ಹೋಗಿದೆ, ಹತ್ತು ನಿಮಿಷದ ಕೆಲಸ ಎಂದುಕೊಂಡು ಮಲಗಿಯೇ ಇದ್ದ. ಎದ್ದು ಸರಿಮಾಡಲಿಲ್ಲ.

ನಾಲ್ಕನೇ ದಿನ ವಾಪಸು ಬಂದಾಗ ವರ್ಕ್‌ಶಾಪಿನ ಹೊಸ್ತಿಲ ಮೇಲೆ ಅಕ್ಕ ಕೂತಿದ್ದಳು. ಮುಖ ಊದಿಕೊಂಡಿತ್ತು. ಕಪಾಳಕ್ಕೆ ಬಾರಿಸುತ್ತಾಳೆ ಎಂದುಕೊಂಡ. ಬಾರಿಸಲಿ ಎಂದೂ ಅನ್ನಿಸಿತು.

"ಊಟ ಮಾಡಿದ್ಯಾ?" ಎಂದಳು.

ಅವನು ಇಲ್ಲವೆಂದು ತಲೆ ಆಡಿಸಿದ.

"ಕೊನೇ ಟೆಸ್ಟಲ್ಲಿ ಮ್ಯಾಚ್ ಆಗಲಿಲ್ಲ ಅಂತ ಎಲ್ಲರಿಗೂ ಹೇಳಿದ್ದೀನಿ. ನೀನೂ ಅದನ್ನೇ ಹೇಳು. ನಾನೊಂದು ನೀನೊಂದು ಹೇಳಿದ್ರೆ ಚೆನ್ನಾಗಿರಲ್ಲ."

ಅಷ್ಟು ಹೇಳಿ, ಗೋಡೆ ಹಿಡಿದು ಎದ್ದು, ಮೆಟ್ಟಿಲು ಹತ್ತಿ ಹೋದಳು. ಒಂದು ಸುಳ್ಳಾಡಿದರೆ ಎರಡು ದಿನ ಊಟ ಸೇರದ ಹೆಣ್ಣು ಅವಳು. ಆಮೇಲೆ ಆ ಸಂಗತಿಯನ್ನು ಅವಳೂ ಎತ್ತಲಿಲ್ಲ, ಅವನೂ ಎತ್ತಲಿಲ್ಲ. ಬೇರೆಯವರ ಕಿಡ್ನಿಗೆ ಕಾಯುವವರ ಪಟ್ಟಿಯಲ್ಲಿ ಅವಳ ಹೆಸರು ಸೇರಿತು, ಸರದಿ ಮಾತ್ರ ಬರಲೇ ಇಲ್ಲ. ಮರುವಾರದಿಂದ ಅವನು ಸೋಮವಾರ, ಬುಧವಾರ, ಶುಕ್ರವಾರ ಬೆಳಿಗ್ಗೆ ಆರೂವರೆಗೆ ಸ್ಕೂಟರ್ ತೆಗೆದು ನಿಲ್ಲತೊಡಗಿದ. ಅವಳು ಬಂದು ಹಿಂದೆ ಕೂರತೊಡಗಿದಳು.

ಮೊದಮೊದಲು ದಾರಿಯುದ್ದಕ್ಕೂ ಮಾತಿಲ್ಲ. ಎರಡು ವರ್ಷ ಹಾಗೇ ಕಳೆಯಿತು. ಆಮೇಲೆ ಅದ್ಯಾವಾಗಲೋ ಸಿಗ್ನಲ್ಲಿನಲ್ಲಿ ನಿಂತಾಗ ಹಿಂದಿನಿಂದ ಕೀರ್ತನೆ ಕೇಳಿಸಿತು. ಅಕ್ಕನಿಗೆ ಶ್ರುತಿ ಎನ್ನುವುದು ಹುಟ್ಟಿನಿಂದಲೇ ಆಗಿಬರದ ವಿಷಯ. ಪಕ್ಕದ ಕಾರಿನವರು ಗಾಜು ಏರಿಸಿದರು.

"ಮೆತ್ತಗೆ ಹಾಡೇ, ಜನ ನೋಡ್ತಿದ್ದಾರೆ."

"ದೇವರೇ ಸಹಿಸ್ಕೊಂಡಿದ್ದಾನಂತೆ, ನಿನಗೇನು ಕಷ್ಟ? ಗಾಡಿ ಬಿಡು, ಹಸಿರು ಬಿತ್ತು."

ಅವನಿಗೆ ನಗು ಬಂದಿತ್ತು. ಬಂದ ನಗುವನ್ನು ಹೆಲ್ಮೆಟ್ಟಿನೊಳಗೇ ನುಂಗಿಕೊಂಡಿದ್ದ. ನಗುವ ಅರ್ಹತೆ ತನಗಿಲ್ಲ ಎಂದು.

*

ಚರ್ಚಿನಲ್ಲಿ ಮೊದಲ ಕೀರ್ತನೆ ಮುಗಿಯುವ ಹೊತ್ತಿಗೆ ಹಿಂದಿನ ಬಾಗಿಲಲ್ಲಿ ಸದ್ದಾಯಿತು. ಆಸ್ಪತ್ರೆಯ ವ್ಯಾನಿನಿಂದ ಆರು ಮಂದಿ ಇಳಿದು ಒಳಗೆ ಬಂದರು. ಎಲ್ಲರ ಕೈಯಲ್ಲೂ ಅಕ್ಕನದೇ ರೀತಿ ಉಬ್ಬಿದ ನರ. ಅವರ ಹಿಂದೆ ಡಯಾಲಿಸಿಸ್ ವಾರ್ಡಿನ ಹಿರಿಯ ನರ್ಸು. ಬೆಳಗಿನ ಸರದಿಯನ್ನು ಅವತ್ತೊಂದು ದಿನ ಮುಂದೂಡಿಸಿಕೊಂಡಿದ್ದ ಆ ಆರೂ ಮಂದಿ ಒಂದು ಗಂಟೆಗೆ ಯಂತ್ರಕ್ಕೆ ಕೂರಬೇಕಿತ್ತು. ಅದರೊಳಗೆ ಬಂದು ಹೋಗುವುದೆಂದು ಹೊರಟಿದ್ದರು.

ಪಾಸ್ಟರು ಅವರಲ್ಲಿ ಯಾರಾದರೂ ಮಾತಾಡುತ್ತೀರಾ ಎಂದು ಕೇಳಿದರು. ದಪ್ಪ ಮೀಸೆಯ ಲಾರಿ ಡ್ರೈವರ್ ಒಬ್ಬ ಎದ್ದು ಮುಂದೆ ಬಂದ. ಬೆಟ್ಟದಂಥ ಆಳು. ಮೈಕು ಬೇಡವೆಂದು ಪಕ್ಕಕ್ಕಿಟ್ಟ.

"ನಾನು ನಿಮ್ಮ ಧರ್ಮದವನಲ್ಲ. ತಪ್ಪು ಮಾತಾಡಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ. ಮೊದಲನೇ ಸಲ ಆ ವಾರ್ಡಿಗೆ ಹೋದಾಗ ನಾನು ಚಿಕ್ಕಮಗು ಥರ ಅತ್ತಿದ್ದೀನಿ. ಆ ಸೂಜಿ ನೋಡಿದೀರಾ? ಮೊಳೆ ಇದ್ದಂಗೆ ಇರುತ್ತೆ. ಪಕ್ಕದ ಕುರ್ಚಿಯಲ್ಲಿ ಈ ಅಕ್ಕ. ನನ್ನ ಕಡೆ ತಿರುಗಿ, ಕೌಂಟರಲ್ಲಿ ಕೇಳೋ ಥರಾನೇ, 'ಎಲ್ಲಿಗೆ?' ಅಂದ್ರು. ನಾನು ಸಿಟ್ಟಲ್ಲಿ 'ಸಾಯೋಕೆ' ಅಂದೆ. 'ಅಲ್ಲಿಗೆ ನೇರ ಬಸ್ಸಿಲ್ಲ, ಇಳಿದು ಹತ್ತಿ, ಇಳಿದು ಹತ್ತಿ ಹೋಗಬೇಕು. ಸದ್ಯಕ್ಕೆ ಕೂತ್ಕೊಳ್ಳಿ,' ಅಂದ್ರು."

ಚರ್ಚಿನಲ್ಲಿ ನಗು ಹರಡಿತು. ಪಾಸ್ಟರು ಕೂಡ ನಕ್ಕರು.

"ಸೂಜಿ ಚುಚ್ಚೋವಾಗ ಅವರ ಬಲಗೈ ಕೊಟ್ರು. ನಾಲ್ಕು ಗಂಟೆ ಬಿಡಲಿಲ್ಲ ನಾನು. ಆಮೇಲೆ ನೋಡಿದ್ರೆ ಅವರ ಬೆರಳೆಲ್ಲ ನೀಲಿ ಆಗಿದ್ವು. ನೋವಾಗಲ್ವಾ ನಿಮಗೆ ಅಂತ ಕೇಳಿದೆ. 'ಆಗುತ್ತೆ. ನನ್ನ ಯೇಸುವಿಗೆ ಮೊಳೆ ಹೊಡೆದ್ರಲ್ಲ, ಆಗ ಕೈ ಹಿಡ್ಕೊಳ್ಳೋಕೆ ಪಕ್ಕದಲ್ಲಿ ಯಾರೂ ಇರಲಿಲ್ಲ. ನಮಗೆ ಹಾಗಿಲ್ಲವಲ್ಲ,' ಅಂದ್ರು." ಅವನು ಮೀಸೆ ಒರೆಸಿಕೊಂಡ. "ಅಷ್ಟೇ. ಹೊಸಬರು ಯಾರೇ ಬಂದ್ರೂ ಟಿಕೆಟ್ ಅಕ್ಕನ ಪಕ್ಕದ ಕುರ್ಚಿಗೇ ಹಾಕೋರು. ಎಷ್ಟು ಜನರ ಕೈ ಹಿಡಿದಿದ್ದಾರೋ, ಆ ಕೈಗೇ ಗೊತ್ತು."

ಅವನು ಹೋಗಿ ಕೂತ. ಪಾಸ್ಟರು ಮುಂದಿನ ಸಾಲಿನ ಕಡೆ ನೋಡಿ ತಲೆ ಆಡಿಸಿದರು.

ತಮ್ಮ ಎದ್ದ. ಪೆಟ್ಟಿಗೆಯ ಪಕ್ಕ ನಿಂತ. ಮುಚ್ಚಳ ಇನ್ನೂ ಹಾಕಿರಲಿಲ್ಲ. ಕತ್ತರಿಸಿದ ತೋಳಿನ ಕೆಳಗೆ ಆ ಕೈ ಕಾಣಿಸುತ್ತಿತ್ತು. 'ಎಲ್ಲರಿಗೂ ವಂದನೆ' ಎಂದು ಹೇಳಿ ಇಳಿದುಬಿಡುವುದೆಂದು ಮನಸ್ಸಿನಲ್ಲೇ ಹತ್ತು ಸಲ ಅಭ್ಯಾಸ ಮಾಡಿಕೊಂಡಿದ್ದ. ಬಾಯಿ ತೆರೆದರೆ ಬೇರೆಯದೇ ಬಂತು.

"ಮ್ಯಾಚ್ ಆಗಿತ್ತು," ಎಂದ.

ಯಾರಿಗೂ ಅರ್ಥವಾಗಲಿಲ್ಲ. ಅವನಿಗೆ ತನ್ನ ದನಿಯೇ ಪರಕೀಯವಾಗಿ ಕೇಳಿಸಿತು.

"ನನ್ನ ಕಿಡ್ನಿ ಅಕ್ಕನಿಗೆ ಮ್ಯಾಚ್ ಆಗಿತ್ತು. ನಾನು ಹೆದರಿ ಓಡಿಹೋದೆ. ಮೂರು ದಿನ ಬಚ್ಚಿಟ್ಟುಕೊಂಡಿದ್ದೆ. ಮ್ಯಾಚ್ ಆಗಲಿಲ್ಲ ಅಂತ ಅವಳೇ ಸುಳ್ಳು ಹೇಳಿದ್ಲು, ನನ್ನ ಮರ್ಯಾದೆ ಉಳಿಸೋಕೆ. ಹದಿನಾಲ್ಕು ವರ್ಷ ನೀವೆಲ್ಲ ನನ್ನ ಹೊಗಳಿದ್ರಿ. ನಾನು ಬಾಯಿ ಮುಚ್ಕೊಂಡು ಕೇಳಿಸ್ಕೊಂಡೆ. ಅವಳು ಆ ಕುರ್ಚಿಯಲ್ಲಿ ಕೂತಿದ್ದು ನನ್ನಿಂದ. ಇಷ್ಟೇ ಹೇಳಬೇಕಿತ್ತು."

ಅವನು ಕಣ್ಣು ಮುಚ್ಚಿ ನಿಂತ. ಯಾರಾದರೂ ಏನಾದರೂ ಎಸೆದರೂ ಸರಿ ಎನ್ನುವಂತೆ.

ಹಿಂದಿನ ಸಾಲಿನಿಂದ ಲಾರಿ ಡ್ರೈವರನ ಗಡಸು ದನಿ ಬಂತು. "ಅದು ನಮಗೆಲ್ಲ ಗೊತ್ತಲ್ಲಣ್ಣ."

ಅವನು ಕಣ್ಣು ಬಿಟ್ಟ. ಆರೂ ಜನ ಅವನ ಕಡೆ ನೋಡಿ ತಲೆ ಆಡಿಸುತ್ತಿದ್ದರು, ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದವನಿಗೆ ಉತ್ತರ ಹೇಳುವವರ ಹಾಗೆ ಸಹಜವಾಗಿ.

"ಅಯ್ಯೋ ದೇವರೇ," ಎಂದಳು ಚಿಕ್ಕಮ್ಮ ಎರಡನೇ ಸಾಲಿನಲ್ಲಿ, ಎಲ್ಲರಿಗೂ ಕೇಳುವ ಹಾಗೆ, "ಹಾಗಾದ್ರೆ ನನಗೊಬ್ಬಳಿಗೇ ಹೇಳಿರಲಿಲ್ವಾ?"

ಅದಕ್ಕೆ ಮೊದಲು ಯಾರು ನಕ್ಕರೋ ತಿಳಿಯದು. ಒಬ್ಬರು ತಡೆಯಲು ಹೋಗಿ ಕೆಮ್ಮಿದರು, ಇನ್ನೊಬ್ಬರು ಕರವಸ್ತ್ರ ಬಾಯಿಗೆ ಒತ್ತಿಕೊಂಡರು, ಆಮೇಲೆ ಯಾರೂ ತಡೆಯಲಿಲ್ಲ. ಅವನು ಕಾಲೆಳೆಯುತ್ತ ಬಂದು ತನ್ನ ಜಾಗದಲ್ಲಿ ಕೂತ. ಹೆಂಡತಿ ನಗುತ್ತಿರಲಿಲ್ಲ. ಅವನ ಮೊಣಕಾಲಿನ ಮೇಲೆ ಕೈ ಇಟ್ಟಳು.

"ನಿಂಗೂ ಗೊತ್ತಿತ್ತಾ?" ಎಂದ ಮೆಲ್ಲಗೆ.

"ಮ್ಯಾಚ್ ಆಗದೆ ಇದ್ರೆ ಡಾಕ್ಟರು ಮನೆಗೆ ಕಳಿಸ್ತಾರೆ ರೀ. ಮೂರು ದಿನ ಕಾಣೆಯಾಗು ಅಂತ ಕಳಿಸಲ್ಲ."

"ಮತ್ತೆ ಒಂದು ದಿನಾನೂ ಕೇಳಲಿಲ್ಲ?"

"ಅತ್ತಿಗೆ ಕೇಳಬೇಡ ಅಂದಿದ್ರು. ಅವನಾಗೇ ಹೇಳ್ತಾನೆ, ಇರು ಅಂತ. ಇಷ್ಟು ತಡ ಮಾಡ್ತೀರಾ ಅಂತ ಅವರಿಗೂ ಗೊತ್ತಿರಲಿಲ್ಲ, ಪಾಪ."

*

ಮಣ್ಣು ಹಾಕಿ ಮುಗಿದ ಮೇಲೆ ಜನ ಚರ್ಚಿನ ಹಿಂದಿನ ಹಾಲಿನ ಕಡೆ ನಡೆದರು. ಅವನು ಗುಂಡಿಯ ಬಳಿಯೇ ನಿಂತಿದ್ದ. ನರ್ಸು ಪಕ್ಕಕ್ಕೆ ಬಂದು ನಿಂತಳು. ನಿವೃತ್ತಿಗೆ ಒಂದು ವರ್ಷ ಉಳಿದಿದ್ದ, ಮಾತು ಕಡಿಮೆ ಇದ್ದ ಹೆಂಗಸು.

"ಸಿಸ್ಟರ್, ಒಂದು ಕೇಳ್ತೀನಿ, ನಿಜ ಹೇಳಿ," ಎಂದ. "ಅವಳಿಗೆ ನನ್ನ ಮೇಲೆ ಸಿಟ್ಟಿರಲಿಲ್ವಾ? ಯಾವಾಗ ನೋಡಿದ್ರೂ ಹಾಡು, ನಗು. ನನ್ನ ಎದುರಿಗೆ ನಾಟಕ ಮಾಡ್ತಿದ್ಲೇನೋ ಅಂತ..."

"ಸಿಟ್ಟಿರಲಿಲ್ವಾ!" ನರ್ಸು ಅವನ ಮುಖ ನೋಡಿದಳು. "ಮೊದಲೆರಡು ವರ್ಷ ನಿಮ್ಮನ್ನ ಬೈಯದೆ ಇದ್ದ ದಿನ ಇಲ್ಲ. ಮೊದಲನೇ ಗಂಟೆ ನಿಮಗೆ, ಎರಡನೇ ಗಂಟೆ ದೇವರಿಗೆ. ಆಮೇಲೆ ಸುಸ್ತಾಗಿ ನಿದ್ದೆ. ಒಂದು ದಿನ ಸ್ಟೀಲ್ ಲೋಟ ತಗೊಂಡು ಗೋಡೆಗೆ ಹೊಡೆದ್ರು. ಆ ಗುರುತು ಇನ್ನೂ ಇದೆ, ಬನ್ನಿ ತೋರಿಸ್ತೀನಿ. ಪ್ರಾರ್ಥನೆ ಮಾಡಿ ಅಂತ ಪಾಸ್ಟರ್ ಬಂದ್ರೆ, ಮಲಗಿರೋ ಹಾಗೆ ನಟಿಸೋರು."

ಅವನ ಎದೆಯಲ್ಲಿ ಏನೋ ಸಡಿಲವಾಯಿತು. ಹದಿನಾಲ್ಕು ವರ್ಷ ತುಕ್ಕು ಹಿಡಿದು ಕೂತಿದ್ದ ಬೋಲ್ಟು ಒಂದೇ ಏಟಿಗೆ ತಿರುಗಿದಂತೆ. "ಬೈದ್ಲಾ?" ಎಂದ. "ಏನಂತ?"

"ಅದೆಲ್ಲ ಸ್ಮಶಾನದಲ್ಲಿ ನಿಂತು ಹೇಳೋ ಮಾತಲ್ಲ."

ಅವನು ನಕ್ಕ. ಹೆಲ್ಮೆಟ್ಟಿಲ್ಲದ ಬಾಯಿಂದ ಬಂದ ನಗು. ಅದರ ಹಿಂದೆಯೇ ಕಣ್ಣೀರೂ ಬಂತು.

"ಆಮೇಲೆ ಆ ಡ್ರೈವರ್ ಬಂದ ದಿನ," ಎಂದಳು ನರ್ಸು, "ಕೈ ಕೊಟ್ಟು ಕೂತಿದ್ರಲ್ಲ, ಅವತ್ತು ಯಂತ್ರ ಬಿಚ್ಚೋವಾಗ ನನ್ನ ಕರೆದು, 'ಸಿಸ್ಟರ್, ಇವತ್ತು ಬೈಯೋದನ್ನ ಮರೆತೇಬಿಟ್ಟೆ ಕಣ್ರೀ' ಅಂದ್ರು. ಹೆದರಿದವರ ಥರ ಅಂದ್ರು. 'ಈ ನಾಲ್ಕು ಗಂಟೆ ನಾನೊಬ್ಬಳು ರೋಗಿ ಅನ್ನೋದೇ ನೆನಪಿರಲಿಲ್ಲ. ಇಲ್ಲಿ ಇನ್ಯಾರೋ ಇದ್ರು ಸಿಸ್ಟರ್. ನಮ್ಮಿಬ್ಬರ ಕೈ ಮೇಲೆ ಕೈ ಇಟ್ಕೊಂಡು ಇನ್ಯಾರೋ ಕೂತಿದ್ರು,' ಅಂದ್ರು. ನಾನು ದಿನಾ ಚರ್ಚಿಗೆ ಹೋಗೋಳಲ್ಲ. ಆದ್ರೆ ಅವರ ಮುಖ ನೋಡಿ ನಾನು ಸುಮ್ಮನಾದೆ. ಮುಂದಿನ ಸಲದಿಂದ ಶುರುವಾಯ್ತು ನೋಡಿ ಆ ಹಾಡು."

"ಸಿಟ್ಟು ಹೋಯ್ತಾ ಹಾಗಾದ್ರೆ?"

"ನಾನೂ ಕೇಳಿದೆ. 'ಎಲ್ಲಿ ಹೋಗುತ್ತೆ, ಆಗಾಗ ಬರುತ್ತೆ' ಅಂದ್ರು. 'ಬಂದಾಗೆಲ್ಲ ಅವನ ಎಡಗಡೆ ಕಿಡ್ನಿಗೋಸ್ಕರ ಪ್ರಾರ್ಥನೆ ಮಾಡ್ತೀನಿ. ಅದು ನನ್ನದು. ಅವನ ಹತ್ರ ಜೋಪಾನವಾಗಿರಲಿ ಅಂತ ಬಿಟ್ಟಿದ್ದೀನಿ.' ನಮ್ಮ ವಾರ್ಡಲ್ಲಿ ಎಲ್ಲರೂ ಆಮೆನ್ ಹೇಳೋರು. ಡ್ರೈವರೂ ಹೇಳೋನು. ನಿಮ್ಮ ಕಿಡ್ನಿಗೆ ಸಿಕ್ಕಷ್ಟು ಪ್ರಾರ್ಥನೆ ಈ ಊರಲ್ಲಿ ಯಾರಿಗೂ ಸಿಕ್ಕಿಲ್ಲ."

ಅವನು ತನಗರಿವಿಲ್ಲದೆ ಎಡಪಕ್ಕೆಯ ಮೇಲೆ ಕೈ ಇಟ್ಟುಕೊಂಡ.

"ಇನ್ನೊಂದು ಮಾತು ಹೇಳಿದ್ರು, ಹೋದ ವರ್ಷ," ನರ್ಸು ಚಪ್ಪಲಿಗೆ ಹತ್ತಿದ ಮಣ್ಣನ್ನು ಕಲ್ಲಿಗೆ ಉಜ್ಜಿದಳು. "'ಕಿಡ್ನಿ ಕೊಟ್ಟಿದ್ರೆ ಅವನು ಒಂದೇ ದಿನ ಕೊಟ್ಟು ಮುಗಿಸಿಬಿಡ್ತಿದ್ದ ಸಿಸ್ಟರ್, ಈಗ ನೋಡಿ, ವಾರಕ್ಕೆ ಮೂರು ದಿನ ಬರ್ತಾನೆ. ಈ ಕುರ್ಚಿ ಬೇಡಪ್ಪಾ ಅಂತ ದೇವರನ್ನ ಇವತ್ತಿಗೂ ಕೇಳ್ತೀನಿ. ಆದ್ರೆ ತಮ್ಮನೂ, ನನ್ನ ಯೇಸುವೂ ಇಷ್ಟು ಹತ್ತಿರ ಬಂದಿದ್ದು ಈ ಕುರ್ಚಿಯಿಂದಲೇ. ಅದನ್ನ ಇಲ್ಲ ಅನ್ನೋಕಾಗಲ್ಲ,' ಅಂದ್ರು."

ಹೊಸ ಮಣ್ಣಿನ ಮೇಲೆ ಒಂದು ಮೈನಾ ಇಳಿದು, ಏನನ್ನೋ ಹೆಕ್ಕಿಕೊಂಡು ಹಾರಿತು.

*

ಹಾಲಿನಲ್ಲಿ ಬಂದವರಿಗೆಲ್ಲ ಚಹಾ, ಬಿಸ್ಕತ್ತು ಇತ್ತು. ವಾರ್ಡಿನ ಆರು ಜನ ಕಿಟಕಿಯ ಬಳಿ ಒಟ್ಟಿಗೆ ಕೂತಿದ್ದರು. ಅವರ ಕೈಯಲ್ಲಿ ಔಷಧಿ ಅಳೆಯುವ ಪುಟ್ಟ ಪುಟ್ಟ ಲೋಟಗಳಿದ್ದವು. ಮೂತ್ರವೇ ಆಗದ ಮೈಗೆ ದಿನಕ್ಕೆ ಮೂರು ಲೋಟ ನೀರು ಎಂದರೆ ಹೆಚ್ಚು. ಅದಕ್ಕಿಂತ ಮೀರಿದರೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಬೇಸಿಗೆಯಾದರೂ ಅಷ್ಟೇ, ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿಕೊಂಡರೂ ಅಷ್ಟೇ. ಪುಟ್ಟ ಲೋಟದ ಒಂದು ಗುಟುಕು ಚಹಾವನ್ನು ಅವರು ಐದು ನಿಮಿಷ ಬಾಯಲ್ಲಿಟ್ಟುಕೊಂಡು ಕೂತಿದ್ದರು.

ಅವನಿಗೆ ಬೆಳಗಿನಿಂದ ಗಂಟಲು ಒಣಗಿತ್ತು. ಮೇಜಿನ ಮೇಲಿನ ಜಗ್ಗಿನಿಂದ ಒಂದು ದೊಡ್ಡ ಲೋಟಕ್ಕೆ ನೀರು ಬಗ್ಗಿಸಿಕೊಂಡ. ಕುಡಿಯಲು ಎತ್ತಿದವನು ಅವರನ್ನು ನೋಡಿ, ಹಾಗೇ ತಿರುಗಿ ಬಾಗಿಲ ಕಡೆ ಹೆಜ್ಜೆ ಹಾಕಿದ. ಹದಿನಾಲ್ಕು ವರ್ಷ ಅಕ್ಕನ ಕಣ್ಣೆದುರು ಅವನು ಒಂದು ಲೋಟ ನೀರು ಕುಡಿದವನಲ್ಲ. ವರ್ಕ್‌ಶಾಪಿನ ಹಿಂದಿನ ನಲ್ಲಿಗೆ ಹೋಗಿ, ಗೋಡೆ ಮರೆಯಲ್ಲಿ, ಕಳ್ಳನಂತೆ ಕುಡಿದು ಬಾಯಿ ಒರೆಸಿಕೊಂಡು ಬರುತ್ತಿದ್ದ.

"ಯಾಕಣ್ಣ ಆ ಕಡೆ?" ಲಾರಿ ಡ್ರೈವರ್ ಕೇಳಿದ. "ಇಲ್ಲೇ ಕುಡೀರಿ."

"ನಿಮ್ಮೆದುರಿಗೆ ಹೇಗೆ..."

"ನಮ್ಮೆದುರಿಗೇ ಕುಡೀಬೇಕು. ನಾವು ಯಾರಾದ್ರೂ ಹೊಟ್ಟೆತುಂಬ ನೀರು ಕುಡಿಯೋದನ್ನ ನೋಡಿ ಎಷ್ಟು ದಿನ ಆಯ್ತು ಗೊತ್ತಾ? ಎಲ್ಲರೂ ನಮ್ಮನ್ನ ಕಂಡ ಕೂಡಲೇ ಬಚ್ಚಿಡ್ತಾರೆ. ಹಾಗೇ ಬಚ್ಚಿಟ್ರೆ ನೀರು ಅಂದ್ರೆ ಹೇಗಿರುತ್ತೆ ಅನ್ನೋದೇ ಮರೆತುಹೋಗುತ್ತೆ."

"ಕುಡೀರಿ," ಎಂದಳು ಅವನ ಪಕ್ಕದ ಮುದುಕಿ. "ಎತ್ತಿ ಕುಡೀಬೇಡಿ. ಕಚ್ಚಿ ಕುಡೀರಿ. ಗುಟುಕು ಗಂಟಲಲ್ಲಿ ಇಳಿಯೋದು ಕಾಣೋ ಹಾಗೆ."

ಅವನು ಲೋಟವನ್ನು ತುಟಿಗಿಟ್ಟ. ಮೊದಲ ಗುಟುಕು ಗಂಟಲಲ್ಲಿ ಸಿಕ್ಕಿಕೊಂಡಿತು. ಎರಡನೆಯದು ಇಳಿಯಿತು. ಆರು ಜೋಡಿ ಕಣ್ಣುಗಳು ಅವನ ಗಂಟಲ ಮೇಲೆಯೇ ಇದ್ದವು. ಅವನು ಗುಟುಕರಿಸಿದಂತೆಲ್ಲ ಮುದುಕಿಯ ಗಂಟಲೂ ಮೇಲೆ ಕೆಳಗೆ ಆಡುತ್ತಿತ್ತು. "ನಿಧಾನ, ನಿಧಾನ," ಎಂದ ಯಾರೋ. ನೀರು ಗದ್ದದಿಂದ ಇಳಿದು ಅಂಗಿಯ ಕಾಲರು ನೆನೆಯಿತು. ಅವನು ಕೊನೆಯ ಹನಿಯವರೆಗೂ ಕುಡಿದು ಲೋಟ ಕೆಳಗಿಳಿಸಿದಾಗ ಡ್ರೈವರ್ ಉಸಿರು ಬಿಟ್ಟು, "ಅಬ್ಬಾ!" ಎಂದ, ತಾನೇ ಕುಡಿದವನ ಹಾಗೆ.

ಆಮೇಲೆ ಎದ್ದು ಬಂದು, ಬಲಗೈಯಲ್ಲಿ ಜಗ್ಗು ಎತ್ತಿ, ಆ ಲೋಟವನ್ನು ಮತ್ತೆ ಅಂಚಿನವರೆಗೂ ತುಂಬಿಸಿದ.